ಸ್ಪೀಕರ್ ವೈರು: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಅಂಗಡಿಗೆ ಹೊರಡುವ ಮೊದಲು ಒಂದು ಹಗ್ಗ ಹಿಡಿದು, ಆಂಪ್ಲಿಫಯರ್ ಇರುವ ಜಾಗದಿಂದ ಸ್ಪೀಕರ್ ಇಡುವ ಜಾಗದವರೆಗೆ ಅಳೆಯಿರಿ. ಗೋಡೆಯ ಬುಡ, ಬಾಗಿಲ ಚೌಕಟ್ಟು, ಮೂಲೆ ಎಲ್ಲವನ್ನೂ ಹಾಯಿಸಿ ಅಳೆಯಬೇಕು. ಕೊಡಗಿನ ಹಳೆಯ ಹೆಂಚಿನ ಮನೆಗಳ ಹಜಾರದಲ್ಲಿ ಕಣ್ಣಳತೆಗೆ ನಾಲ್ಕು ಮೀಟರ್ ಎನಿಸುವ ದೂರ, ವೈರು ಹೋಗುವ ದಾರಿಯಲ್ಲಿ ಏಳೆಂಟು ಮೀಟರ್ ಆಗುವುದುಂಟು. ಸಿಕ್ಕ ಅಳತೆಗೆ ಒಂದು ಮೀಟರ್ ಸೇರಿಸಿ ಬರೆದಿಟ್ಟುಕೊಳ್ಳಿ.

ಇನ್ನೊಂದು ಸಂಖ್ಯೆ ಸ್ಪೀಕರಿನ ಬೆನ್ನ ಮೇಲಿರುತ್ತದೆ: 8 ಓಮ್, 6 ಓಮ್ ಅಥವಾ 4 ಓಮ್. ಓಮ್ ಎಂದರೆ ವಿದ್ಯುತ್ತಿನ ಹರಿವಿಗೆ ಎದುರಾಗುವ ತಡೆಯ, ಅಂದರೆ ರೋಧದ, ಅಳತೆ. ಹೋಗುವ ತಂತಿ, ಬರುವ ತಂತಿ ಎರಡೂ ಸೇರಿ ವೈರಿನ ರೋಧ ಈ ಸಂಖ್ಯೆಯ ಶೇ 5 ಮೀರಬಾರದು ಎಂಬುದು ಬಳಕೆಯಲ್ಲಿರುವ ಲೆಕ್ಕ. ಅಂದರೆ 8 ಓಮ್‌ಗೆ 0.4, 4 ಓಮ್‌ಗೆ 0.2. ಅಷ್ಟರೊಳಗಿದ್ದರೆ ಧ್ವನಿಯಲ್ಲಿ ಆಗುವ ನಷ್ಟ ಅರ್ಧ ಡೆಸಿಬಲ್‌ಗಿಂತಲೂ ಕಡಿಮೆ.

1.5 ಚದರ ಮಿ.ಮೀ. ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.013 ಓಮ್ ರೋಧವಿದೆ. ದೂರ 10 ಮೀಟರ್ ಇದ್ದರೆ ಹೋಗಿ ಬರಲು 20 ಮೀಟರ್, ಒಟ್ಟು ಸುಮಾರು 0.27 ಓಮ್. 8 ಓಮ್ ಸ್ಪೀಕರಿಗೆ ಇದು ಧಾರಾಳ, 4 ಓಮ್‌ಗೆ ಸಾಲದು. ಅಲ್ಲಿ 2.5 ಚದರ ಮಿ.ಮೀ. ತೆಗೆದುಕೊಂಡರೆ 0.16ಕ್ಕೆ ಇಳಿಯುತ್ತದೆ. ನಾಲ್ಕು ಮೀಟರಿನೊಳಗಿನ ದೂರಕ್ಕೆ ಈ ಎಲ್ಲ ಸ್ಪೀಕರುಗಳಿಗೂ 1 ಚದರ ಮಿ.ಮೀ. ಸಾಕು. ಲೆಕ್ಕಕ್ಕೆ ತಕ್ಕ ದಪ್ಪದ ಶುದ್ಧ ತಾಮ್ರ ಸಿಕ್ಕಿದ ಮೇಲೆ ಮೀಟರಿಗೆ ಸಾವಿರಾರು ರೂಪಾಯಿ ಕೊಟ್ಟು ಕಿವಿಗೆ ದಕ್ಕುವುದು ಏನೂ ಇಲ್ಲ. ಆ ಹಣವನ್ನು ಒಳ್ಳೆಯ ಸ್ಪೀಕರಿಗೇ ಹಾಕಿ.

ಹೆಸರಿನಲ್ಲಿ ‘ಸ್ಪೀಕರ್ ಕೇಬಲ್’ ಎಂದೇ ಇರಬೇಕಾಗಿಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ, ಐಎಸ್‌ಐ ಗುರುತಿನ ಎರಡು ಕೋರ್‌ಗಳ ಮೆತ್ತನೆಯ ವೈರು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕುಶಾಲನಗರದಲ್ಲೋ ಗೋಣಿಕೊಪ್ಪಲಿನಲ್ಲೋ ಅಂಗಡಿಯವರು 40/76 ಎಂದು ಹೇಳಿದರೆ ಗಾಬರಿ ಬೇಡ: 0.0076 ಅಂಗುಲ ದಪ್ಪದ 40 ಎಳೆಗಳು ಎಂದರ್ಥ. ಚದರ ಮಿ.ಮೀ. ಲೆಕ್ಕದಲ್ಲಿ ಅದು ಸುಮಾರು 1.2, 70/76 ಆದರೆ ಸುಮಾರು 2.

ಮೋಸ ಹೋಗುವ ಜಾಗ ಬೇರೆಯೇ ಇದೆ. ಅಗ್ಗದ ವೈರುಗಳಲ್ಲಿ ಹಲವು ಅಲ್ಯೂಮಿನಿಯಂ ಎಳೆಗೆ ತಾಮ್ರ ಹೊದಿಸಿದವು. ಹೊರಗೆ ಕೆಂಪಾಗಿ ಹೊಳೆಯುತ್ತವೆ, ರೋಧ ಮಾತ್ರ ಶುದ್ಧ ತಾಮ್ರದ ಸುಮಾರು ಒಂದೂವರೆ ಪಟ್ಟು. ‘ಅಣ್ಣಾ, ಪೂರ್ತಿ ತಾಮ್ರವೇ?’ ಎಂದು ಕೇಳಿ, ಒಂದು ಗೇಣು ಕತ್ತರಿಸಿಕೊಡಲು ಹೇಳಿ. ಹೊದಿಕೆ ಸುಲಿದು ಒಂದೇ ಒಂದು ಎಳೆಯನ್ನು ಬೆರಳಿಗೆ ಆನಿಸಿ, ಬ್ಲೇಡಿನ ಅಲಗಿನಿಂದ ಮೆಲ್ಲನೆ ಹೆರೆಯಿರಿ. ಒಳಗೂ ಕೆಂಪೇ ಇದ್ದರೆ ತಾಮ್ರ. ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಹೊರಗೆ ಬೆಳ್ಳಗಿದ್ದು ಒಳಗೆ ಕೆಂಪಾಗಿದ್ದರೆ ಅದು ತವರ ಲೇಪಿಸಿದ ತಾಮ್ರ. ನಮ್ಮ ಹವೆಗೆ ಅದೇ ಎಲ್ಲಕ್ಕಿಂತ ಲೇಸು.

ಏಕೆಂದರೆ ಇಲ್ಲಿ ವೈರಿನ ನಿಜವಾದ ಶತ್ರು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲದ ಕಡೆ ಬಟ್ಟೆಯೇ ಒಣಗುವುದಿಲ್ಲ. ಬರಿದಾಗಿರುವ ತಾಮ್ರದ ತುದಿ ಮೊದಲು ಕಪ್ಪಾಗಿ, ಆಮೇಲೆ ಹಸಿರು ಕಿಲುಬು ಹಿಡಿಯುತ್ತದೆ. ಸಂಪರ್ಕ ಕೆಟ್ಟು ಒಂದು ಕಡೆಯ ಸ್ಪೀಕರ್ ಕರಕರ ಎನ್ನತೊಡಗಿದಾಗ ಆಂಪ್ಲಿಫಯರ್ ರಿಪೇರಿಗೆ ಒಯ್ಯುವ ಮೊದಲು ಈ ತುದಿಗಳನ್ನು ನೋಡಿ. ಮಳೆ ನಿಂತ ಮೇಲೆ ವರ್ಷಕ್ಕೊಮ್ಮೆ ಎರಡೂ ಕೊನೆಗಳನ್ನು ಕತ್ತರಿಸಿ ಹೊಸದಾಗಿ ಸುಲಿಯಿರಿ. ಹೆಚ್ಚುವರಿ ಮೀಟರ್ ಬೇಕೆಂದದ್ದು ಇದಕ್ಕೂ ಸೇರಿಯೇ.

ಜೋಡಿಸುವಾಗ ಆಂಪ್ಲಿಫಯರ್ ಆಫ್ ಆಗಿರಲಿ. ಒಂದು ಸೆಂಟಿಮೀಟರಿನಷ್ಟು ಮಾತ್ರ ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆಯಿರಿ. ಒಂದು ಎಳೆ ಆಚೆ ಚಾಚಿ ಪಕ್ಕದ ಟರ್ಮಿನಲ್‌ಗೆ ತಗುಲಿದರೂ ಆಂಪ್ಲಿಫಯರ್ ಸುಟ್ಟುಹೋಗಬಹುದು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಸ್ಪೀಕರಿನಲ್ಲಿ ಅದಲುಬದಲಾದರೆ ಬೇಸ್ ಸೊರಗಿ, ವಾಲಗದ ಡೋಲು ದೂರದ ಸದ್ದಿನಂತೆ ಕೇಳುತ್ತದೆ. ವೈರಿನ ಮೇಲೆ ಗುರುತಿಲ್ಲದಿದ್ದರೆ ಆಂಪ್ಲಿಫಯರ್ ಕಡೆಯ ತುದಿ ಬಿಚ್ಚಿ, 1.5 ವೋಲ್ಟ್ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ. ಸ್ಪೀಕರಿನ ಮುಂದಿನ ಅಲುಗುವ ಭಾಗ, ಅಂದರೆ ಕೋನ್, ಹೊರಕ್ಕೆ ಚಿಮ್ಮಿದರೆ ಸೆಲ್ಲಿನ ಪ್ಲಸ್ ತಾಗಿದ್ದ ತಂತಿಯೇ ಪ್ಲಸ್.

ಕಾಫಿ ಕಣದ ಕಡೆಗೆ ಸ್ಪೀಕರ್ ಎಳೆಯುವವರಿಗೆ ಇನ್ನೊಂದು ಮಾತು. ಹೊರಗಿನ ಉದ್ದ ವೈರು ಸಿಡಿಲಿನ ಆಘಾತವನ್ನು ಮನೆಯೊಳಕ್ಕೆ ತರಬಲ್ಲದು. ಮಾರ್ಚ್, ಏಪ್ರಿಲ್‌ನ ಹೂಮಳೆಗೆ ಮೋಡ ಕವಿಯುತ್ತಿದ್ದಂತೆಯೇ, ಗುಡುಗು ಕೇಳುವ ಮೊದಲೇ, ಆ ವೈರನ್ನೂ ಆಂಪ್ಲಿಫಯರಿನ ಪ್ಲಗ್ಗನ್ನೂ ಬಿಚ್ಚಿಡಿ. ಗುಡುಗು ಶುರುವಾಗಿಬಿಟ್ಟಿದ್ದರೆ ಅದು ನಿಲ್ಲುವವರೆಗೆ ವೈರನ್ನು ಮುಟ್ಟಬೇಡಿ.