ಆನೆಯಿರುವ ಸ್ಕಾಟಿಷ್ ಬ್ಯಾಡ್ಜ್ ಗುರುತಿಸುವುದು ಹೇಗೆ?

ಹಳೆಯ ಸ್ಕಾಟಿಷ್ ಬ್ಯಾಡ್ಜ್ ಸಿಕ್ಕರೆ ಮೊದಲು ಕೆಳಭಾಗವನ್ನು ನೋಡಿ. ನಕ್ಷತ್ರ, ಅದರ ಮೇಲೆ ಕಹಳೆ, ನಡುವೆ ಎಚ್‌ಎಲ್‌ಐ ಅಕ್ಷರಗಳು, ಕೆಳಗೆ ಆನೆ ಮತ್ತು ‘ಅಸಾಯೆ’ ಎಂಬ ಬರಹ ಇದ್ದರೆ ಅದು ಬ್ರಿಟಿಷ್ ಸೇನೆಯ ಸ್ಕಾಟಿಷ್ ಕಾಲಾಳು ಪಡೆಯಾದ ಹೈಲ್ಯಾಂಡ್ ಲೈಟ್ ಇನ್‌ಫಂಟ್ರಿಯದು. ಈ ರೆಜಿಮೆಂಟ್ 1881ರಲ್ಲಿ 71 ಮತ್ತು 74ನೆಯ ರೆಜಿಮೆಂಟುಗಳು ಸೇರಿ ಆಯಿತು. 1959ರಲ್ಲಿ ಇನ್ನೊಂದರೊಡನೆ ವಿಲೀನವಾಯಿತು. ಆನೆ ಬಂದದ್ದು 1803ರಲ್ಲಿ ಮರಾಠರ ವಿರುದ್ಧ ನಡೆದ ಅಸಾಯೆ ಯುದ್ಧದಿಂದ. ಅಲ್ಲಿ ತೀವ್ರ ಸಾವುನೋವು ಕಂಡ 74ನೆಯದೇ 1799ರಲ್ಲಿ ನಮ್ಮ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲೂ ಇತ್ತು. ನನಗಂತೂ ಈ ಬ್ಯಾಡ್ಜ್ ಕೈಗೆತ್ತಿಕೊಂಡಾಗ ಆ ಕೋಟೆಯೇ ನೆನಪಾಗುತ್ತದೆ.

ಇದನ್ನು ಗ್ಲೆಂಗರಿ ಎಂಬ ದೋಣಿಯಾಕಾರದ ಟೋಪಿಯ ಎಡಬದಿಗೆ ಧರಿಸುತ್ತಿದ್ದರು. ಬ್ಯಾಡ್ಜಿನ ಹಿಂಬದಿಯಲ್ಲಿ ಬಳೆಯಂಥ ಎರಡು ಸಣ್ಣ ಕೊಂಡಿಗಳಿದ್ದರೆ ಅವನ್ನು ಬಟ್ಟೆಯೊಳಗೆ ತೂರಿಸಿ ಪಿನ್ ಹಾಕುತ್ತಿದ್ದರು. ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಸೂಕ್ಷ್ಮ ಗೆರೆಗಳು ಸವೆದರೆ ಮತ್ತೆ ಬರುವುದಿಲ್ಲ.