ಸ್ಪೈಕ್ ಬಂತು, ಕೆಲ್ಸ ಮುಗೀತು ಅನ್ಕೊಂಡಿದ್ದೆ

ನಂದು ಕಂಪ್ಯೂಟರ್ ಸೈನ್ಸು, ಬಯಾಲಜಿಗೆ ಪಿಯುಸಿಲೇ ಕೈ ಮುಗ್ದಿದ್ದೆ. ನ್ಯೂರೋ ಲ್ಯಾಬ್ ಒಂದಕ್ಕೆ ಸೇರಿದಾಗ ಮೊದ್ಲು ಕೊಟ್ಟಿದ್ದು ಹಾಡ್ಜ್‌ಕಿನ್-ಹಕ್ಸ್ಲಿ ಅನ್ನೋ ಇಬ್ರು ವಿಜ್ಞಾನಿಗಳ ಮಾಡೆಲ್. 1952ರದ್ದು, ಸ್ಕ್ವಿಡ್ (ನಮ್ ಮಂಗ್ಳೂರ್ ಕಡೆ ಬೊಂಡಾಸ್ ಅಂತೀವಲ್ಲ, ಅದೇ) ನರದಲ್ಲಿ ಸಿಗ್ನಲ್ ಹೆಂಗೆ ಹುಟ್ಟುತ್ತೆ ಅನ್ನೋದಕ್ಕೆ ನಾಕು ಈಕ್ವೇಶನ್. ಆಗ ಕೇಂಬ್ರಿಡ್ಜ್ ಕಂಪ್ಯೂಟರ್ ಬಂದ್ ಆಗಿತ್ತು ಅಂತ ಹಕ್ಸ್ಲಿ ಹಿಡಿ ತಿರುಗ್ಸೋ ಬ್ರನ್ಸ್‌ವಿಗಾ ಮಷಿನಲ್ಲೇ ವಾರಗಟ್ಲೆ ಲೆಕ್ಕ ಹಾಕಿದ್ರು. ನಂಗೆ ಪೈಥಾನಲ್ಲಿ ಒಂದ್ ಸಂಜೆ ಸಾಕಾಯ್ತು, ಚೆಂದದ ಸ್ಪೈಕ್ (ನರದ ಸಿಗ್ನಲ್, ವೋಲ್ಟೇಜ್ ಪಟ್ಟಂತ ಏರಿ ಇಳಿಯೋದು) ಬಂತು, ಸ್ಕ್ರೀನ್‌ಶಾಟ್ ಕಳ್ಸಿ ಮಲ್ಕೊಂಡೆ.

ಬೆಳಿಗ್ಗೆ ಮೇಡಂ ಕೇಳಿದ್ದು ಒಂದೇ, "ಟೈಮ್ ಸ್ಟೆಪ್ ಅರ್ಧ ಮಾಡಿ ನೋಡಿದ್ಯೇನಪ್ಪಾ?" ಟೈಮ್ ಸ್ಟೆಪ್ ಅಂದ್ರೆ ಕಂಪ್ಯೂಟರ್ ಒಂದ್ಸಲಕ್ಕೆ ಎಷ್ಟ್ ಸಮಯ ಮುಂದೆ ಹೋಗಿ ಲೆಕ್ಕ ಹಾಕುತ್ತೆ ಅನ್ನೋದು. 0.02 ಮಿಲಿಸೆಕೆಂಡ್ ಇದ್ದಿದ್ದನ್ನ 0.01 ಮಾಡ್ದೆ, ಮೊದಲ್ನೇ ಸ್ಪೈಕ್ ಒಂದರ ಮೇಲೊಂದು ಕೂತ್ಕೊಂತು, ಹತ್ತನೇದು ಬರೋ ಹೊತ್ಗೆ ಪಕ್ಕಕ್ಕೆ ಸರ್ದಿತ್ತು. ನಾನೋ ಸ್ಪೈಕ್ ಟೈಮಿಂಗ್ ಮೇಲೇ ಗ್ರಾಫ್ ಹಾಕೋಕೆ ಹೊರಟಿದ್ದೆ!

ಇನ್ನೊಂದ್ ಮಜಾ. ಪೊಟ್ಯಾಶಿಯಂ ಚಾನಲ್ (ನರದ ಪೊರೆಲಿ ಪೊಟ್ಯಾಶಿಯಂ ಓಡಾಡೋ ಬಾಗಿಲು) ತೆರೆಯೋ ರೇಟ್ ಪ್ಲಾಟ್ ಮಾಡಿದ್ರೆ ಸರಿಯಾಗಿ -55 ಮಿಲಿವೋಲ್ಟಲ್ಲಿ ಗೆರೆ ಕಟ್ ಆಗಿತ್ತು. ಅಲ್ಲಿ ಫಾರ್ಮುಲಾದ ಭಾಗಾಕಾರದಲ್ಲಿ ಮೇಲೂ ಸೊನ್ನೆ ಕೆಳಗೂ ಸೊನ್ನೆ, ಕಂಪ್ಯೂಟರ್ ಕೈ ಚೆಲ್ಲುತ್ತೆ, ಆದ್ರೆ ನಿಜವಾದ ಉತ್ತರ 0.1. ಸೋಡಿಯಂಗೆ ಇದೇ ಗಲಾಟೆ -40ರಲ್ಲಿ. ರನ್ ಮಾಡ್ವಾಗ ವೋಲ್ಟೇಜ್ ಕರೆಕ್ಟಾಗಿ ಆ ನಂಬರ್ ಮೇಲೆ ನಿಲ್ಲೋದು ಅಪರೂಪ, ಅದಕ್ಕೇ ಕಣ್ಣಿಗೆ ಬಿದ್ದಿರ್ಲಿಲ್ಲ.

ಜಾಸ್ತಿ ತಲೆ ತಿಂದಿದ್ದು ಟೆಂಪರೇಚರ್. ಬಾಡಿ ಅಂದ್ರೆ 37 ಡಿಗ್ರಿ ಅಂತ ಹಾಕಿದೆ, ಸ್ಪೈಕೇ ಮಾಯ. ಎರಡು ದಿನ ಬಗ್ ಹುಡುಕಿದೆ, ಬಗ್ ಇರ್ಲೇ ಇಲ್ಲ. ಆ ಮಾಡೆಲ್‌ನ ನಂಬರ್‌ಗಳೆಲ್ಲ 6.3 ಡಿಗ್ರಿಗೆ ಕೂರ್ಸಿದ್ದು, ಹತ್ತು ಡಿಗ್ರಿ ಏರಿದ್ರೆ ಚಾನಲ್ ಮೂರು ಪಟ್ಟು ಫಾಸ್ಟ್, 37ಕ್ಕೆ ಹೋದ್ರೆ ಹತ್ರತ್ರ 29 ಪಟ್ಟು, ಸೋಡಿಯಂ ವೋಲ್ಟೇಜನ್ನ ಮೇಲೆತ್ತೋ ಮುಂಚೆನೇ ಪೊಟ್ಯಾಶಿಯಂ ಬಂದು ಕೆಳಗೆಳ್ಯುತ್ತೆ. ತಣ್ಣೀರಿನ ಪ್ರಾಣಿನ ಬಿಸಿನೀರಿಗೆ ಹಾಕಿದ್ದು ನಾನು.

ಈಗ ಕೋಡ್ ಸರಿ ಇದ್ಯಾ ನೋಡೋಕೆ ಮೊದ್ಲು ಮಾಡೋದು ಸೋಡಿಯಂ ಪೊಟ್ಯಾಶಿಯಂ ಎರಡೂ ಸೊನ್ನೆ ಮಾಡೋದು, ಬರೀ ಲೀಕ್ (ಪೊರೆಲಿ ಯಾವಾಗ್ಲೂ ಸೋರ್ತಿರೋ ಸಣ್ಣ ಕರೆಂಟ್) ಉಳಿಯುತ್ತೆ, ಟೈಮ್ ಕಾನ್ಸ್ಟಂಟ್ (ವೋಲ್ಟೇಜ್ ಎಷ್ಟ್ ಬೇಗ ಬದಲಾಗುತ್ತೆ ಅನ್ನೋ ಅಳತೆ) ಪೇಪರ್ ಮೇಲೆ ಲೆಕ್ಕ ಹಾಕ್ಬೋದು, ಪೊರೆಯ ಕೆಪ್ಯಾಸಿಟೆನ್ಸ್ (ಚಾರ್ಜ್ ಹಿಡ್ಕೊಳೋ ಶಕ್ತಿ) 1, ಅದನ್ನ ಲೀಕಿನ 0.3ರಿಂದ ಭಾಗಿಸಿದ್ರೆ 3.3 ಮಿಲಿಸೆಕೆಂಡ್. ಮೊನ್ನೆ 33 ಬಂತು. ನೋಡಿದ್ರೆ 0.3 ಬದ್ಲು 0.03 ಟೈಪ್ ಮಾಡಿದ್ದೆ. ಆ ತಪ್ಪಿಟ್ಕೊಂಡೇ ಫುಲ್ ಮಾಡೆಲ್ ಓಡ್ಸಿ ನೋಡಿದೆ, ಸ್ಪೈಕ್ ಮೊದಲಿನಷ್ಟೇ ಚೆಂದ ಬಂತು.