ಮುಂದಿನ ಕಥೆಗೆ ಎಳೆ ಹುಡುಕುವ ಬಗೆ: ಕೋಲಾರ ಸೀಮೆಯ ಕಥೆಗಾರರಿಗೆ

ಒಂದು ಕಥೆ ಮುಗಿಸಿ ಮುಂದಿನದಕ್ಕೆ ಕೂತವರು ಸಾಮಾನ್ಯವಾಗಿ ಮೊದಲು ವಿಷಯವನ್ನು ಹುಡುಕುತ್ತಾರೆ: ಬರ, ಅಂತರ್ಜಲ, ವಲಸೆ, ಮುಚ್ಚಿದ ಗಣಿ. ಕೋಲಾರ ಸೀಮೆಯಲ್ಲಿ ಇಂಥ ವಿಷಯಗಳಿಗೆ ಕೊರತೆಯಿಲ್ಲ. ಆದರೆ ಅವುಗಳನ್ನೇ ಮುಂದಿಟ್ಟುಕೊಂಡು ಬರೆಯತೊಡಗಿದರೆ ಎರಡನೇ ಪುಟಕ್ಕೇ ಕಥೆ ಲೇಖನವಾಗಿಬಿಡುತ್ತದೆ. ಯಾರಾದರೊಬ್ಬರು ಇಂತಿಷ್ಟು ಹೊತ್ತಿನೊಳಗೆ ಏನನ್ನಾದರೂ ತೀರ್ಮಾನಿಸಲೇಬೇಕಾದ ಇಕ್ಕಟ್ಟಿಗೆ ಸಿಕ್ಕಾಗ ಕಥೆ ಶುರುವಾಗುತ್ತದೆ. ಆದ್ದರಿಂದ ಆ ಇಕ್ಕಟ್ಟನ್ನು ಹುಡುಕಿಕೊಂಡು ಹೋಗಬೇಕು.

ಅಂತರ್ಜಲವನ್ನೇ ತೆಗೆದುಕೊಳ್ಳಿ. ಅದರ ಬಗ್ಗೆ ಓದುವ ಮೊದಲು, ಬೋರ್ ಲಾರಿ ಬಂದು ನಿಂತಿರುವ ಹೊಲದಲ್ಲಿ ಮನೆಯವರ ಒಪ್ಪಿಗೆ ಪಡೆದು ಒಂದು ರಾತ್ರಿ ಕಳೆಯಿರಿ. ತೆಂಗಿನಕಾಯಿಯನ್ನು ಅಂಗೈ ಮೇಲಿಟ್ಟುಕೊಂಡು ನೀರಿನ ಪಾಯಿಂಟ್ ತೋರಿಸಿದವರು ಅಷ್ಟು ಹೊತ್ತಿಗೆ ದುಡ್ಡು ಪಡೆದು ಹೋಗಿರುತ್ತಾರೆ. ಕೇಸಿಂಗ್ ಪೈಪು ಇಳಿದ ಮೇಲೆ ರಾಡಿಗೆ ರಾಡು ಸೇರುತ್ತಾ ಹೋಗುತ್ತದೆ, ಕೊಳವೆಯ ಬಾಯಿಂದ ಎದ್ದ ಕಲ್ಲುಪುಡಿ ಪಕ್ಕದ ರಾಗಿ ಪೈರಿನ ಮೇಲೆ ಕೂರುತ್ತದೆ, ಮನೆಯವರು ಆ ಪುಡಿಯನ್ನು ಬೊಗಸೆಯಲ್ಲಿ ಹಿಡಿದು ತೇವವೇನಾದರೂ ಇದೆಯೇ ಎಂದು ಟಾರ್ಚಿನ ಬೆಳಕಿನಲ್ಲಿ ನೋಡುತ್ತಾರೆ. ಸಾವಿರ ಅಡಿ ದಾಟಿದರೂ ಧೂಳೇ ಬರುವುದು ಈ ಭಾಗದಲ್ಲಿ ಹೊಸದೇನಲ್ಲ, ಮತ್ತು ಆಳ ಹೆಚ್ಚಿದಂತೆ ಅಡಿಯ ದರವೂ ಏರುತ್ತದೆ. ಇನ್ನೂ ನೂರು ಅಡಿ ಬಿಡೋಣವೇ, ನಿಲ್ಲಿಸೋಣವೇ ಎಂದು ಲಾರಿಯವರು ಕೇಳಿದಾಗ ಯಜಮಾನರು ನಿಂತಲ್ಲೇ ಉತ್ತರ ಹೇಳಬೇಕು. ಆ ಕ್ಷಣದಲ್ಲಿ ಅವರು ಯಾರ ಮುಖ ನೋಡುತ್ತಾರೆ, ಯಾರ ಕಣ್ಣು ತಪ್ಪಿಸುತ್ತಾರೆ, ಒಡವೆ ಅಡವಿಟ್ಟ ಹೆಂಡತಿ ಏನಾದರೂ ಹೇಳುತ್ತಾರೆಯೇ ಅಥವಾ ಎದ್ದು ಒಲೆಯ ಕಡೆಗೆ ಹೋಗಿಬಿಡುತ್ತಾರೆಯೇ ಎಂಬುದನ್ನು ಗಮನಿಸಿದವರಿಗೆ ಕಥೆ ಅಲ್ಲೇ ಸಿಗುತ್ತದೆ.

ಮನೆಗೆ ಬಂದು ಟಿಪ್ಪಣಿ ಬರೆಯುವಾಗ ನಿಮಗಾದ ಸಂಕಟವನ್ನು ವರ್ಣಿಸಬೇಡಿ. ತೀರ್ಮಾನ ಏನು, ಯಾವ ಹೊತ್ತಿನೊಳಗೆ, ಹೌದೆಂದರೆ ಯಾರಿಗೆ ನೋವು, ಇಲ್ಲವೆಂದರೆ ಯಾರಿಗೆ ನೋವು ಎಂದು ಬರೆಯಿರಿ. ಎರಡರಲ್ಲಿ ಒಂದು ಉತ್ತರದಿಂದ ಯಾರಿಗೂ ಏನೂ ಆಗದಿದ್ದರೆ ಆ ಎಳೆಯನ್ನು ಬಿಟ್ಟುಬಿಡಿ.

ಕೆಲವು ಕಸುಬುಗಳಲ್ಲಿ ಗಡುವು ಮೊದಲೇ ಅಡಗಿರುತ್ತದೆ. ಶಿಡ್ಲಘಟ್ಟದ ಸುತ್ತ ರೇಷ್ಮೆ ಬೆಳೆಯುವ ಮನೆಗಳಲ್ಲಿ, ನಾಲ್ಕನೇ ಜ್ವರದಿಂದ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತಕ್ಕೆ ಜ್ವರ ಎನ್ನುತ್ತಾರೆ) ಎದ್ದ ಹುಳು ಹಗಲು ರಾತ್ರಿ ಸೊಪ್ಪು ಬೇಡುತ್ತದೆ. ಅದೇ ವಾರ ಮನೆಯಲ್ಲಿ ಸಾವಾದರೆ ತೋಟಕ್ಕೆ ಹೋಗಿ ಸೊಪ್ಪು ಕೊಯ್ಯುವವರು ಯಾರು? ಗೂಡು ಕಟ್ಟಿದ ಮೇಲೂ ಬಿಡುವಿಲ್ಲ, ಏಕೆಂದರೆ ಚಿಟ್ಟೆ ತೂತು ಮಾಡಿಕೊಂಡು ಹೊರಬಂದ ಗೂಡು ನೂಲು ಬಿಚ್ಚಲು ಬಾರದು, ಹಾಗಾಗಿ ಮಾರುಕಟ್ಟೆಯ ದರ ಬಿದ್ದಿದ್ದರೂ ಕೆಲವೇ ದಿನಗಳಲ್ಲಿ ಮಾರಲೇಬೇಕು. ಕೋಲಾರದ ಎಪಿಎಂಸಿಯ ಟೊಮೆಟೊ ಮಂಡಿಗೂ ಇದೇ ಮಾತು ಸಲ್ಲುತ್ತದೆ. 2023ರ ಜುಲೈನಲ್ಲಿ 15 ಕೆ.ಜಿ.ಯ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದಾಗ ಪತ್ರಿಕೆಗಳು ಲಕ್ಷಾಧಿಪತಿಗಳಾದ ರೈತರನ್ನು ಹುಡುಕಿಕೊಂಡು ಹೋದವು. ಅದಕ್ಕೆ ಸ್ವಲ್ಪ ಮೊದಲು ಬೇಸತ್ತು ಗಿಡ ಕಿತ್ತವರನ್ನು ಕಥೆಗಾರರು ಕಲ್ಪಿಸಿಕೊಳ್ಳಬೇಕು.

ಹಳೆಯ ಕಾಲದ ಕಥೆ ಬೇಕೆನ್ನುವವರಿಗೆ ನಾನು ಒತ್ತಿ ಹೇಳುವುದು ವೀರಗಲ್ಲುಗಳನ್ನು. ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ ಕೋಲಾರ ಜಿಲ್ಲೆಯದು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಾದ್ದರಿಂದ ಆ ಊರುಗಳ ಶಾಸನಗಳೂ ಅದರಲ್ಲೇ ಇವೆ. ನಿಮ್ಮ ಊರಿನ ಹೆಸರು ಹುಡುಕಿ, ಶಾಸನ ಓದಿ, ನಂತರ ಕಲ್ಲಿನ ಮುಂದೆ ಹೋಗಿ ನಿಲ್ಲಿ. ತುರು ಹಿಡಿದವರೊಡನೆ ಕಾದಿ ದನಗಳನ್ನು ಮರಳಿಸಿ ಸತ್ತವನ ಹೆಸರು, ಬಿಟ್ಟುಕೊಟ್ಟ ಮಣ್ಣು, ಅದನ್ನು ಕೆಡಿಸಿದವರಿಗೆ ಶಾಪ, ಇಷ್ಟು ಅಲ್ಲಿರುತ್ತದೆ. ಮರಳಿ ಬಂದ ದನಗಳನ್ನು ಆ ಸಂಜೆ ಯಾರು ಕಟ್ಟಿದರು, ಅವನ ಜೊತೆ ಹೋಗಿ ಬದುಕಿ ಬಂದವನು ಆ ಮನೆಯ ಮುಂದೆ ಹೇಗೆ ಹಾದುಹೋದ ಎಂಬುದು ಅಲ್ಲಿಲ್ಲ. ಶಾಸನ ಹೇಳಿದ್ದನ್ನು ಬದಲಿಸದೆ, ಹೇಳದೆ ಬಿಟ್ಟದ್ದರೊಳಗೆ ಮಾತ್ರ ಕಲ್ಪನೆಯನ್ನು ಹರಿಯಬಿಡಿ.

ಊರೆಲ್ಲ ಸಂಭ್ರಮಿಸಿದ ಬದಲಾವಣೆಯ ಬೆನ್ನ ಹಿಂದೆಯೂ ನೋಡಬೇಕು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ವರ್ಷಗಟ್ಟಲೆ ಒಣಗಿದ್ದ ಕೆರೆ ತುಂಬಿದ್ದು ಒಳ್ಳೆಯದೇ. ಆದರೂ ಆ ಅಂಗಳದಲ್ಲಿ ಕುರಿ ಮೇಯಿಸುತ್ತಿದ್ದ ಹುಡುಗಿಗೆ, ಆ ನೀರನ್ನು ದೇವರಿಗೆ ಮುಟ್ಟಿಸಬಹುದೇ ಎಂದು ತಡವರಿಸುವ ಅರ್ಚಕರಿಗೆ ಏನಾಯಿತೆಂದು ಊಹಿಸಿ. ಕೆ.ಜಿ.ಎಫ್. ಬಗ್ಗೆ ಬರೆಯುವವರು ಚಿನ್ನವನ್ನು ಸ್ವಲ್ಪ ಕಾಲ ಮರೆಯುವುದು ಒಳಿತು: ಮೂರು ಕಿಲೋಮೀಟರಿಗೂ ಆಳದ ಆ ಗಣಿ 2001ರಲ್ಲಿ ಮುಚ್ಚಿತು, ಅಲ್ಲಿನ ಮಾರಿಕುಪ್ಪಂ ನಿಲ್ದಾಣದಿಂದ ಬೆಂಗಳೂರಿಗೆ ದುಡಿಮೆಗೆಂದು ರೈಲು ಹತ್ತುವವರು ಇಂದಿಗೂ ಇದ್ದಾರೆ.

ಸಿಕ್ಕ ಎಳೆಯನ್ನು ಬರೆಯುವ ಮೊದಲು ಎರಡೇ ವಾಕ್ಯದಲ್ಲಿ, ಸಾಹಿತ್ಯದ ಗೊಡವೆಯಿಲ್ಲದ ಒಬ್ಬರಿಗೆ ಬಾಯಲ್ಲಿ ಹೇಳಿ. ಅವರು ‘ಪಾಪ, ಕಷ್ಟ’ ಎಂದರೆ ನಿಮ್ಮ ಕೈಯಲ್ಲಿರುವುದು ಇನ್ನೂ ವಿಷಯವೇ, ‘ಆಮೇಲೆ?’ ಎಂದರೆ ಕೂತು ಬರೆಯಬಹುದು. ನಿಜವಾದ ಮನೆಯೊಂದರಿಂದ ಪಡೆದದ್ದಾದರೆ ಊರು, ಕುಲ, ಸಂಬಂಧಗಳನ್ನು ಗುರುತು ಸಿಗದಂತೆ ಬದಲಿಸಿ. ಮಾತನ್ನು ಮಾತ್ರ ಬದಲಿಸಬೇಡಿ: ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಯೊಳಗೆ ತೆಲುಗು, ಹೊರಗೆ ಕನ್ನಡ ಆಡುವವರು ಯಾವ ಮಾತಿಗೆ ಯಾವ ನುಡಿಗೆ ಹೊರಳುತ್ತಾರೆ ಎಂಬುದು ಪಾತ್ರದ ಒಳಗನ್ನು ತೋರಿಸುತ್ತದೆ. ಮೊದಲ ಕರಡನ್ನು ಲಾರಿಯವರ ಪ್ರಶ್ನೆಯಿಂದಲೇ ಆರಂಭಿಸಿ. ಮಳೆ ಕೈಕೊಟ್ಟ ವರ್ಷಗಳ ವಿವರ ಬೇಕೆನಿಸಿದರೆ ಎರಡನೆಯದರಲ್ಲಿ ಸೇರಿಸಿಕೊಳ್ಳಬಹುದು.